ಮೂರು ಸೆಕೆಂಡು ಕಾಯಿರಿ, ಮಗು ಮಾತಾಡುತ್ತೆ

ಬಡವರ ಮನೆಯಲ್ಲಿ ಮಾತುಕತೆಯೇ ಇರಲ್ಲ, ಅದಕ್ಕೇ ಅವರ ಮಕ್ಕಳು ಅಂಗನವಾಡಿಯಲ್ಲಿ ಮೂಕರಂತೆ ಕೂರುತ್ತಾರೆ. ಓದಿದವರೂ ಹೀಗೆ ಹೇಳುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಗ್ರಹಣದ ಹೊತ್ತಲ್ಲಿ ಉಣ್ಣಬಾರದು ಅನ್ನುವಷ್ಟೇ ಗಟ್ಟಿ ಮೂಢನಂಬಿಕೆ ಇದು.

ಇಂಗ್ಲೆಂಡಿನಲ್ಲಿ ಬಾರ್ಬರಾ ಟಿಜಾರ್ಡ್ ಮತ್ತು ಮಾರ್ಟಿನ್ ಹ್ಯೂಸ್ ಅನ್ನುವ ಮನೋವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ನಾಲ್ಕು ವರ್ಷದ ಆಸುಪಾಸಿನ 30 ಹೆಣ್ಣುಮಕ್ಕಳು, ಅರ್ಧ ಮಂದಿ ಕಾರ್ಮಿಕರ ಮನೆಯವರು. ಬಟ್ಟೆಯಲ್ಲಿ ಪುಟ್ಟ ಮೈಕು ಇಟ್ಟು, ಮನೆಯ ಮಾತನ್ನೂ ನರ್ಸರಿಯ ಮಾತನ್ನೂ ಧ್ವನಿಮುದ್ರಿಸಿಕೊಂಡರು. 1984ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮಕ್ಕಳು ಮನೆಯಲ್ಲಿ ಗಂಟೆಗೆ ಸರಾಸರಿ 26 ಪ್ರಶ್ನೆ ಕೇಳುತ್ತಿದ್ದರು. ನರ್ಸರಿಯಲ್ಲಿ ಬರೀ 2! ಅಮ್ಮನ ಹತ್ತಿರ ವಾದ ಮಾಡುತ್ತಿದ್ದ ಕಾರ್ಮಿಕರ ಮಕ್ಕಳೇ ಟೀಚರ್ ಮುಂದೆ ಜಾಸ್ತಿ ಮುದುಡಿಕೊಳ್ಳುತ್ತಿದ್ದರು.

ಯಾಕೆ? ಒಂದು ಕಾರಣ ಗಡಿಯಾರದಲ್ಲಿದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲೆಯ ತರಗತಿಗಳನ್ನು ಅಳೆದರು. ಪ್ರಶ್ನೆ ಕೇಳಿದ ಮೇಲೆ ಟೀಚರ್ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು. ದಡ್ಡರೆಂದು ಬದಿಗಿಟ್ಟಿದ್ದ ಮಕ್ಕಳೂ ಬಾಯಿ ಬಿಟ್ಟರು. ಊರಿನ ಕೈಪಂಪು ನೆನಪಿದೆಯಲ್ವಾ? ನಾಲ್ಕು ಸಲ ಒತ್ತುವಾಗ ಬರೀ ಗಾಳಿ, ಐದನೆಯದಕ್ಕೆ ನೀರು. ಮೂರು ಸಲ ಒತ್ತಿ ಬಿಟ್ಟು ಹೋದವರು ಬಾವಿ ಬತ್ತಿದೆ ಅನ್ನುತ್ತಾರೆ. ಇಡ್ಲಿಯೂ ಹಾಗೇ, ನಡುವೆ ಮುಚ್ಚಳ ತೆಗೆದರೆ ಹಸಿಹಿಟ್ಟೇ ಕಾಣುವುದು. ಮನೆಯಲ್ಲಿ ಲಂಬಾಣಿ ಆಡುವ ಮಗುವಿಗಂತೂ ಕೇಳಿದ್ದನ್ನು ಅರ್ಥ ಮಾಡಿಕೊಳ್ಳಬೇಕು, ಕನ್ನಡದಲ್ಲಿ ಪದ ಹುಡುಕಬೇಕು, ಆಮೇಲೆ ಧೈರ್ಯವನ್ನೂ ತಂದುಕೊಳ್ಳಬೇಕು. ಅಷ್ಟರಲ್ಲಿ ನಾವು ಪಕ್ಕದ ಮಗುವಿನ ಕಡೆ ತಿರುಗಿರುತ್ತೇವೆ.

1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿದ್ದು ತಿ. ನರಸೀಪುರವನ್ನು. ಅಂದಿನಿಂದ ಮಗುವಿನ ತೂಕವನ್ನು ಶ್ರದ್ಧೆಯಿಂದ ಬರೆದಿಡುತ್ತಿದ್ದೇವೆ. ತೂಕ ಬೇಕು, ಖಂಡಿತ ಬೇಕು. ಇವತ್ತು ಮಗು ಏನು ಕೇಳಿತು ಅನ್ನುವ ಒಂದು ಸಾಲೂ ಪಕ್ಕದಲ್ಲಿರಲಿ ಅನ್ನುವುದು ನನ್ನ ಆಸೆ.

ಕಾಯುವುದರ ಜೊತೆಗೆ ಕೂರುವ ಜಾಗವೂ ಲೆಕ್ಕಕ್ಕೆ ಬರುತ್ತದೆ. 1960ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಎಂಟು ವರ್ಷದ ಹುಡುಗನೊಬ್ಬ ಸಂದರ್ಶನದಲ್ಲಿ ಒಂದೊಂದೇ ಪದ ಉದುರಿಸುತ್ತಿದ್ದ. ಭಾಷಾವಿಜ್ಞಾನಿ ವಿಲಿಯಂ ಲಬೋವ್ ತಂಡದ ಅದೇ ಸಂದರ್ಶಕ ಮುಂದಿನ ಸಲ ಆಲೂಗಡ್ಡೆ ಚಿಪ್ಸ್ ತಂದ, ಹುಡುಗನ ಗೆಳೆಯನನ್ನೂ ಕರೆತಂದ, ತಾನೂ ನೆಲದ ಮೇಲೆ ಕೂತ. ಹುಡುಗರಿಬ್ಬರೂ ಒಬ್ಬರ ಮಾತನ್ನೊಬ್ಬರು ಕಿತ್ತುಕೊಂಡು ಮಾತಾಡತೊಡಗಿದರು.