ಮನೆಮಂದಿಯೆಲ್ಲ ಕೂತು ನೋಡಲು ಬೇರೆ ಬೇರೆ ಬಗೆಯ ಕನ್ನಡ ಚಿತ್ರಗಳು ಯಾವುವು?

ಓದುಗರ ಪ್ರಶ್ನೆ: ರಜೆಯಲ್ಲಿ ಅಜ್ಜ-ಅಜ್ಜಿಯರಿಂದ ಹಿಡಿದು ಶಾಲೆಗೆ ಹೋಗುವ ಮಕ್ಕಳವರೆಗೆ ಎಲ್ಲರೂ ಮನೆಯಲ್ಲಿರುತ್ತೇವೆ. ಯಾವ ಸಿನಿಮಾ ಹಾಕಿದರೂ ಹಿಂದಿನ ದಿನ ನೋಡಿದ್ದನ್ನೇ ನೋಡಿದಂತಾಗುತ್ತದೆ. ಒಂದರಂತೆ ಇನ್ನೊಂದಿಲ್ಲದ ಕೆಲವು ಕನ್ನಡ ಚಿತ್ರಗಳನ್ನು ಸೂಚಿಸುವಿರಾ?

ಉತ್ತರ: ಹಾಸ್ಯ, ಪತ್ತೇದಾರಿ, ಸಾಂಸಾರಿಕ ಎಂದು ವಿಂಗಡಿಸಿ ಒಂದೊಂದರಿಂದ ಒಂದೊಂದು ಚಿತ್ರವನ್ನು ಆರಿಸಿಕೊಂಡರೆ ವೈವಿಧ್ಯ ತಾನಾಗಿ ಸಿಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗೆ ಆರಿಸಿದ ಚಿತ್ರಗಳಲ್ಲೂ ನಾಯಕ ತೆರೆಗೆ ಬರುವ ರೀತಿ, ಹಾಡುಗಳು ಬರುವ ಜಾಗ, ಕೊನೆಯ ಹೊಡೆದಾಟ ಎಲ್ಲವೂ ಒಂದೇ ಅಚ್ಚಿನಲ್ಲಿ ಇರುವುದುಂಟು. ನನ್ನ ಅಭಿಪ್ರಾಯದಲ್ಲಿ ನಿಜವಾದ ವ್ಯತ್ಯಾಸ ತಿಳಿಯುವುದು ಒಂದೇ ವಿಷಯವನ್ನು ಮೂರು ಕಾಲದ ಮೂವರು ನಿರ್ದೇಶಕರು ಹೇಗೆ ಕಂಡಿದ್ದಾರೆಂದು ನೋಡಿದಾಗ. ಆದ್ದರಿಂದ ನಿಮ್ಮ ರಜೆಯ ನಡುವೆ ಮೂರು ಸಂಜೆಗಳನ್ನು ಅಂಥ ಮೂರು ಚಿತ್ರಗಳಿಗೆ ಮೀಸಲಿಟ್ಟು, ಮೊದಲ ದಿನಗಳನ್ನು ಹಗುರವಾಗಿಯೇ ಕಳೆಯಿರಿ.

ಮೊದಲ ಸಂಜೆಗೆ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990) ಸಾಕು. ವಠಾರದ ಜೀವನವನ್ನು ಕಂಡ ಹಿರಿಯರಿಗೆ ಅದು ನೆನಪು, ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಕ್ಕಳಿಗೆ ಅದು ಹೊಸ ಲೋಕ. ಎದುರಾದಾಗಲೆಲ್ಲ ಕಚ್ಚಾಡುವ ಇಬ್ಬರು, ಪತ್ರದಲ್ಲಿ ಮಾತ್ರ ಗೊತ್ತಿಲ್ಲದೆಯೇ ಪರಸ್ಪರ ಮೆಚ್ಚಿಕೊಳ್ಳುವ ಕತೆಗೆ ಅನಂತನಾಗ್ ಅವರ ಸಲೀಸಾದ ಅಭಿನಯವೇ ಆಧಾರ. ಮಕ್ಕಳ ಸಲುವಾಗಿ ಎನ್. ಲಕ್ಷ್ಮೀನಾರಾಯಣ್ ಅವರ ‘ಬೆಟ್ಟದ ಹೂವು’ (1985) ಇರಲಿ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಡಿನ ಅಪರೂಪದ ಹೂಗಳನ್ನು ತಂದುಕೊಟ್ಟು ಕಾಸು ಕೂಡಿಸುವ ಬಡ ಹುಡುಗನ ಪಾತ್ರಕ್ಕಾಗಿ ಪುನೀತ್ ರಾಜ್‌ಕುಮಾರ್ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಚಿತ್ರ ಮುಗಿದ ಮೇಲೆ ಹುಡುಗ ಮಾಡಿದ್ದು ಸರಿಯೇ ಎಂದು ಮಕ್ಕಳನ್ನು ಕೇಳಿ ನೋಡಿ. ಉತ್ತರಗಳು ಒಂದೇ ಆಗಿರುವುದಿಲ್ಲ. ಕಾಲೇಜಿನ ವಯಸ್ಸಿನವರು ಮನೆಯಲ್ಲಿದ್ದರೆ ಸುನೀಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ, ಹಾಡುಗಳೇ ಇಲ್ಲದ ‘ತರ್ಕ’ವನ್ನೂ (1989), ಪ್ರೇಕ್ಷಕರಿಂದಲೇ ಹಣ ಕೂಡಿಸಿ ಪವನ್ ಕುಮಾರ್ ಮಾಡಿದ ‘ಲೂಸಿಯಾ’ವನ್ನೂ (2013) ಅವರಿಗೆ ಬಿಟ್ಟುಕೊಡಬಹುದು.

ಇನ್ನು ಆ ಮೂರು ಸಂಜೆಗಳು. ಮೂರು ಚಿತ್ರಗಳಲ್ಲೂ ವಿಷಯ ಉತ್ತರಕ್ರಿಯೆಯೇ. ರಜೆಯಲ್ಲಿ ಸಾವಿನ ಮಾತೇಕೆ ಎಂದು ಅಜ್ಜಿ ಗದರಿದರೂ ಆಶ್ಚರ್ಯವಿಲ್ಲ, ಆದರೂ ಒಮ್ಮೆ ಒಪ್ಪಿಸಿ ಕೂರಿಸಿ.

ಯು.ಆರ್. ಅನಂತಮೂರ್ತಿ ಅವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ (1970) ಮೊದಲನೆಯದು. ಆಚಾರ ಬಿಟ್ಟು ಬದುಕಿದ ನಾರಣಪ್ಪ ಸತ್ತಿದ್ದಾನೆ. ಆತನ ಶವಸಂಸ್ಕಾರ ಯಾರು ಮಾಡಬೇಕೆಂಬುದು ತೀರ್ಮಾನವಾಗದೆ ಇಡೀ ಅಗ್ರಹಾರ ಉಪವಾಸ ಕೂತಿದೆ. ಗಿರೀಶ ಕಾರ್ನಾಡರು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಾಗಿ, ಪಿ. ಲಂಕೇಶ್ ನಾರಣಪ್ಪನಾಗಿ ನಟಿಸಿದ ಈ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತ್ತು. ಆಮೇಲೆ ಇದೇ ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು, ಅಂದರೆ ಶ್ರೇಷ್ಠ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು, ತಂದಿತು. ಇಲ್ಲಿ ಹೆಣ ಎಲ್ಲರ ಧರ್ಮವನ್ನೂ ಪರೀಕ್ಷೆಗೆ ಒಡ್ಡುತ್ತದೆ, ಆದ್ದರಿಂದ ಚಿತ್ರದ ಧಾಟಿಯೂ ಬಿಗಿಯಾದ ವಾದದಂತಿದೆ.

ಎರಡನೆಯದು ಅನಂತಮೂರ್ತಿ ಅವರದೇ ಕತೆ, ಆದರೆ ನೋಟ ಪೂರ್ತಿ ಬೇರೆ. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ದಲ್ಲಿ (1977) ಶ್ರಾದ್ಧ ನಡೆಯುವುದು ಬದುಕಿರುವ ಹೆಣ್ಣಿಗೆ. ಬಸುರಾದ ವಿಧವೆ ಯಮುನಕ್ಕನನ್ನು ಜಾತಿಯಿಂದ ಹೊರಹಾಕುವುದನ್ನು, ವೇದ ಕಲಿಯಲು ಆ ಮನೆಗೆ ಬಂದು ಸೇರಿದ ಪುಟ್ಟ ಹುಡುಗನ ಕಣ್ಣಿನಿಂದ ನಾವು ನೋಡುತ್ತೇವೆ. ಆತನಿಗೆ ಅರ್ಥವಾಗುವುದು ಸ್ವಲ್ಪ, ನಮಗೆ ಗೊತ್ತಾಗುವುದು ಬಹಳ; ಈ ಅಂತರದಲ್ಲಿಯೇ ಚಿತ್ರದ ನೋವೆಲ್ಲ ಅಡಗಿದೆ. ಯಾರೂ ಇಲ್ಲಿ ವಾದ ಮಾಡುವುದಿಲ್ಲ. ಮೂರರಲ್ಲಿ ಒಂದನ್ನೇ ನೋಡಲು ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಮೂರನೆಯದಾದ ‘ತಿಥಿ’ಗೆ (2015) ಬಂದಾಗ ಅಗ್ರಹಾರವೂ ಇಲ್ಲ, ಧರ್ಮಸಂಕಟವೂ ಇಲ್ಲ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ 101 ವರ್ಷದ ಸೆಂಚುರಿ ಗೌಡ ತೀರಿಕೊಂಡಿದ್ದಾನೆ, ಹನ್ನೊಂದನೆಯ ದಿನದ ಊಟಕ್ಕೆ ಊರೆಲ್ಲ ಬರಬೇಕು. ಮಗ ಗಡ್ಡಪ್ಪನಿಗೆ ಅದಾವುದೂ ಬೇಡ, ಹೊಲದ ದಾರಿಯಲ್ಲಿ ತಿರುಗುತ್ತ ಕುಡಿಯುವುದೇ ಸುಖ. ಮೊಮ್ಮಗನ ಕಣ್ಣು ಜಮೀನಿನ ಮೇಲೆ. ಮರಿಮಗ ಕುರಿಗಾಹಿ ಹುಡುಗಿಯ ಹಿಂದೆ. ಜಮೀನು ಮಾರಲು ಬೇಕಾದ ಸಹಿ, ಸುಳ್ಳು ಕಾಗದಪತ್ರ, ಸಾಲ, ಬಾಡೂಟಕ್ಕೆ ಬೇಕಾದ ಕುರಿ ಇವುಗಳ ನಡುವೆ ಸತ್ತವನನ್ನು ನೆನೆಯಲು ಯಾರಿಗೂ ಪುರಸೊತ್ತಿಲ್ಲ. ನಿರ್ದೇಶಕ ರಾಮ್ ರೆಡ್ಡಿ, ಈರೇಗೌಡರೊಡನೆ ಸೇರಿ ಕತೆ ಹೆಣೆದು ಹಳ್ಳಿಯ ಜನರಿಂದಲೇ ನಟನೆ ಮಾಡಿಸಿದ್ದಾರೆ. ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದ ಚಿತ್ರವೆಂದು ಭಯಪಡಬೇಕಿಲ್ಲ, ಮನೆಯವರು ಬಿದ್ದು ಬಿದ್ದು ನಗುತ್ತಾರೆ.

ನೋಡುವ ಕ್ರಮದ ಬಗ್ಗೆ ಎರಡು ಮಾತು. ಮೊದಲೆರಡು ಚಿತ್ರಗಳು ಕಪ್ಪು-ಬಿಳುಪಿನವು, ಅವಸರವಿಲ್ಲದವು. ರಾತ್ರಿ ಊಟವಾದ ಮೇಲೆ ಹಾಕಿದರೆ ಅರ್ಧ ಮನೆ ನಿದ್ದೆ ಹೋಗುತ್ತದೆ, ಆದ್ದರಿಂದ ಸಂಜೆಯ ಕಾಫಿಯ ಹೊತ್ತಿಗೇ ಆರಂಭಿಸಿ. ಅವೆರಡನ್ನೂ, ವಿಷಯದ ಕಾರಣದಿಂದ, ಚಿಕ್ಕ ಮಕ್ಕಳಿಗೆ ತೋರಿಸುವ ಅಗತ್ಯವಿಲ್ಲ. ಹಳೆಯ ಚಿತ್ರಗಳನ್ನು ಯೂಟ್ಯೂಬಿನಲ್ಲಿ ಹುಡುಕುವಾಗ ಮೊದಲು ಸಿಕ್ಕಿದ್ದನ್ನೇ ಹಾಕಬೇಡಿ, ಚೌಕಟ್ಟು ಕತ್ತರಿಸಿದ, ಮಬ್ಬಾದ ಪ್ರತಿಗಳೂ ಅಲ್ಲಿರುತ್ತವೆ. ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು, ಅದನ್ನು ನೋಡುವ ಅವಕಾಶ ಒದಗಿದರೆ ಬೇರೆ ಪ್ರತಿಯ ಗೊಡವೆಗೆ ಹೋಗಬೇಡಿ. ‘ತಿಥಿ’ಯಲ್ಲಿ ಬೈಗುಳ ಧಾರಾಳವಾಗಿವೆ, ಇದನ್ನು ಹಿರಿಯರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಅದರ ಮಂಡ್ಯ ಸೀಮೆಯ ಮಾತು ಧಾರವಾಡದವರಿಗೂ, ಹೊರದೇಶದಲ್ಲಿ ಬೆಳೆದ ಮಕ್ಕಳಿಗೂ ಅಲ್ಲಲ್ಲಿ ತಪ್ಪಿಹೋಗಬಹುದು, ಆಗ ಸಬ್‌ಟೈಟಲ್ ಹಾಕಿಕೊಳ್ಳಲು ಸಂಕೋಚ ಬೇಡ.