ಲ್ಯೂರ್ ಅಚ್ಚಿಗೆ ಯಾವ ಸಾಮಗ್ರಿ: ಊರು, ತಿಂಗಳು ನೋಡಿ ಆರಿಸಿ

ಮನೆಯಲ್ಲಿ ಮೆದು ಪ್ಲಾಸ್ಟಿಕ್ ಲ್ಯೂರ್ (ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸುವ ನಕಲಿ ಮೀನು, ಕಪ್ಪೆ) ಎರೆಯುವವರ ಅಚ್ಚು ಕೆಡುವುದು ಬಹುಪಾಲು ಅದರೊಳಗೆ ಉಳಿದುಕೊಂಡ ನೀರಿನಿಂದ. ಅರಸೀಕೆರೆ, ಕಡೂರಿನ ಬಿಸಿಲಿಗೆ ಸಲೀಸಾಗಿ ಒಣಗುವ ಪ್ಲಾಸ್ಟರ್ ಅಚ್ಚು ಸಕಲೇಶಪುರ, ಮೂಡಿಗೆರೆಯ ಆಷಾಢದಲ್ಲಿ ವಾರಗಟ್ಟಲೆ ಇಟ್ಟರೂ ಹಸಿಯಾಗಿಯೇ ಇರುತ್ತದೆ. ಹಾಸನ, ಚಿಕ್ಕಮಗಳೂರು ಎರಡರಲ್ಲೂ ಬಯಲುಸೀಮೆಯಿದೆ, ಮಲೆನಾಡೂ ಇದೆ. ಹಾಗಾಗಿ ಬೆಲೆ ಕೇಳುವ ಮೊದಲು ಊರು, ತಿಂಗಳು ನೋಡಬೇಕು.

ಮೆದು ಲ್ಯೂರಿಗೆ ಬಳಸುವ ಪ್ಲಾಸ್ಟಿಸಾಲ್ (ಕಾಯಿಸಿ ಎರೆಯುವ ದ್ರವ ಪಿವಿಸಿ) ಸರಿಯಾಗಿ ಕೂಡಿಕೊಳ್ಳುವುದು ಸುಮಾರು 175 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರು 100 ಡಿಗ್ರಿಗೇ ಆವಿಯಾಗುತ್ತದೆ. ಹಸಿ ಅಚ್ಚಿಗೆ ಬಿಸಿ ದ್ರವ ಬಿದ್ದೊಡನೆ ಆವಿ ಹೊರಗೆ ನುಗ್ಗಿ ಲ್ಯೂರಿನ ಮೈಯೆಲ್ಲ ಗುಳ್ಳೆ, ತೂತು. ಕೊರವ ಮೀನಿಗೆಂದು ಎರೆಯುವ ಕಪ್ಪೆಯ ತೆಳು ಕಾಲುಗಳು ಮೊದಲು ಹಾಳಾಗುತ್ತವೆ, ಏಕೆಂದರೆ ಅಲ್ಲಿ ಗುಳ್ಳೆ ಬಿಟ್ಟರೆ ಪ್ಲಾಸ್ಟಿಕ್‌ಗೆ ಜಾಗವೇ ಇರುವುದಿಲ್ಲ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಅಗ್ಗ, ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಆದರೆ 100 ಗ್ರಾಂ ಪುಡಿಗೆ 65 ಮಿಲಿಲೀಟರ್‌ನಷ್ಟು ನೀರು ಬೇಕು. ಅದು ಗಟ್ಟಿಯಾಗುವಾಗ ರಾಸಾಯನಿಕವಾಗಿ ಹಿಡಿದಿಟ್ಟುಕೊಳ್ಳುವ ನೀರು ಸುಮಾರು 18 ಮಿಲಿಲೀಟರ್ ಮಾತ್ರ. ಉಳಿದದ್ದೆಲ್ಲ ಗಾಳಿಗೆ ಹೋಗಬೇಕು. ಅರ್ಧ ಕಿಲೋ ಪುಡಿಯ ಅಚ್ಚಿನಲ್ಲಿ ಹೀಗೆ ಹೊರಹೋಗಬೇಕಾದ ನೀರು 230 ಗ್ರಾಂಗೂ ಮೀರುತ್ತದೆ. ದಂತವೈದ್ಯರ ಸಾಮಗ್ರಿ ಅಂಗಡಿಯಲ್ಲಿ ಸಿಗುವ ಡೆಂಟಲ್ ಸ್ಟೋನ್ ರಾಸಾಯನಿಕವಾಗಿ ಅದೇ ವಸ್ತು, ಹರಳಿನ ರಚನೆ ಮಾತ್ರ ಹೆಚ್ಚು ದಟ್ಟ. 100 ಗ್ರಾಂಗೆ 30 ಮಿಲಿಲೀಟರ್ ನೀರು ಸಾಕು. ಅರ್ಧ ಕಿಲೋಗೆ ಒಣಗಬೇಕಾದದ್ದು 60 ಗ್ರಾಂ ಆಸುಪಾಸು. ಬೆಲೆ ಹೆಚ್ಚು, ನಿಜ. ಆದರೆ ಬೇಗ ಒಣಗುತ್ತದೆ, ಅಂಚು ಮುಕ್ಕಾಗುವುದು ಕಡಿಮೆ, ಮೀನಿನ ಹುರುಪೆಯ ಗೆರೆಯೂ ಸ್ಪಷ್ಟವಾಗಿ ಮೂಡುತ್ತದೆ. ಮಲೆನಾಡಿನವರು ಪ್ಲಾಸ್ಟರ್ ಜಾತಿಯ ಅಚ್ಚು ಮಾಡುವುದಾದರೆ ಇದನ್ನೇ ಮಾಡಬೇಕು.

ಕಲಸುವಾಗ ಪುಡಿಯ ಮೇಲೆ ನೀರು ಸುರಿಯಬೇಡಿ. ನೀರಿನ ಮೇಲೆ ಪುಡಿಯನ್ನು ಜರಡಿ ಹಿಡಿದಂತೆ ಉದುರಿಸಿ, ಒಂದು ನಿಮಿಷ ನೆನೆಯಲು ಬಿಟ್ಟು, ಗಾಳಿ ಸೇರದಂತೆ ನಿಧಾನಕ್ಕೆ ಕದಡಿ. ಮಾದರಿಗೆ ವ್ಯಾಸಲೀನ್ ತೆಳುವಾಗಿ ಸವರಿ; ದಪ್ಪ ಸವರಿದರೆ ವಿವರ ಮುಚ್ಚಿಹೋಗುತ್ತದೆ. ತೋಟದ ಸಿಲ್ವರ್ ಓಕ್ ತುಂಡಿನಿಂದ ಮಾದರಿ ಕೆತ್ತಿದ್ದರೆ ಮೊದಲು ಎರಡು ಕೈ ವಾರ್ನಿಷ್ ಹೊಡೆದು ಒಣಗಿಸಿ, ಇಲ್ಲವಾದರೆ ಮರ ನೀರು ಕುಡಿದು ಉಬ್ಬಿ ಅಚ್ಚಿನೊಳಗೇ ಕಚ್ಚಿಕೊಳ್ಳುತ್ತದೆ. ಹಗುರ ಮಾದರಿ ಮೇಲೆ ತೇಲದಂತೆ ಒಂದು ತೊಟ್ಟು ಅಂಟು ಹಾಕಿ ತಳಕ್ಕೆ ಕೂರಿಸಿ. ಮೊದಲ ಪದರವನ್ನು ಬ್ರಷ್‌ನಲ್ಲಿ ಬಳಿದು, ಆಮೇಲೆ ಪೆಟ್ಟಿಗೆಯ ಮೂಲೆಯಿಂದ ಸುರಿದು, ಪೆಟ್ಟಿಗೆಯನ್ನು ತಟ್ಟಿ.

ಒಣಗಿತೇ ಎಂಬುದನ್ನು ಮುಟ್ಟಿ ತಿಳಿಯಲಾಗದು, ತಕ್ಕಡಿ ಹೇಳುತ್ತದೆ. ದಿನವೂ ಒಂದೇ ಹೊತ್ತಿಗೆ ತೂಗಿ; ಎರಡು ದಿನ ತೂಕ ಇಳಿಯದಿದ್ದರೆ ಒಣಗಿದೆ. ಆದರೆ ಜಿಟಿಜಿಟಿ ಮಳೆಯಲ್ಲಿ ತೂಕ ನಿಂತಿತೆಂದರೆ ಗಾಳಿಯೇ ಒದ್ದೆಯಾಗಿದೆ ಎಂದೂ ಅರ್ಥ. ಆಗ ಹಂಡೆ ಒಲೆಯ ಪಕ್ಕ ಬೆಚ್ಚಗಿನ ಜಾಗದಲ್ಲಿಟ್ಟು ಮತ್ತೆ ತೂಗಿ. ಶಾಖ 50 ಡಿಗ್ರಿ ದಾಟಬಾರದು. ಅವಸರಕ್ಕೆ ಓವನ್ನಿಗೆ ಹಾಕಿದರೆ ಕಟ್ಟಿಕೊಂಡ ನೀರೂ ಬಿಟ್ಟು ಅಚ್ಚು ಪುಡಿಪುಡಿಯಾಗುತ್ತದೆ. ಒಣಗಿದ ಮೇಲೆ ಅರ್ಧಕ್ಕರ್ಧ ನೀರು ಬೆರೆಸಿದ ಫೆವಿಕಾಲ್ ಮೂರು ತೆಳು ಕೈ ಬಳಿಯಿರಿ. ಹೊಳಪು ಬೇಕಿದ್ದರೆ ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಮೇಲು. ಹಸಿ ಅಚ್ಚಿಗೆ ಲೇಪ ಬಳಿದರೆ ನೀರನ್ನು ಒಳಗೇ ಬೀಗ ಹಾಕಿಟ್ಟಂತೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿಗೆ ಸಿಲಿಕೋನ್ ಅಚ್ಚೇ ಸರಿ. ಇದರಲ್ಲಿ ಎರಡು ಬಗೆ. ತವರ ಆಧಾರಿತ ಬಗೆಗೆ ತೂಕದ ಶೇ 2ರಿಂದ 5ರಷ್ಟು ಗಟ್ಟಿಕಾರಕ ಬೆರೆಸುತ್ತಾರೆ (ಡಬ್ಬಿಯ ಮೇಲಿನ ಪ್ರಮಾಣವೇ ಅಂತಿಮ). ಅದು ಗಟ್ಟಿಯಾಗಲು ಗಾಳಿಯ ತೇವವೇ ನೆರವಾಗುತ್ತದೆ, ಮಳೆಗಾಲ ಅಡ್ಡಿಯಲ್ಲ. ಬೇಗ ಆಗಲೆಂದು ಗಟ್ಟಿಕಾರಕ ಹೆಚ್ಚಿಸಿದರೆ ಅಚ್ಚು ಬೇಗ ಸೀಳಿಹೋಗುತ್ತದೆ. ಕೆಲವು ವರ್ಷಗಳಲ್ಲಿ ಈ ಬಗೆ ತಾನಾಗಿಯೂ ಬಿರುಸಾಗುತ್ತದೆ. ಪ್ಲಾಟಿನಂ ಬಗೆ ಕುಗ್ಗುವುದು ತೀರ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಗಂಧಕ ಕಂಡರೆ ಆಗದು. ಗಂಧಕವಿರುವ ಮಾದರಿ ಜೇಡಿ ಅಥವಾ ಲೇಟೆಕ್ಸ್ ಕೈಗವಸು ತಗುಲಿದ ಕಡೆ ಅಂಟಂಟಾಗಿಯೇ ಉಳಿಯುತ್ತದೆ. ಡಿಸೆಂಬರ್ ಚಳಿಯಲ್ಲಿ ಗಟ್ಟಿಯಾಗುವುದೂ ತಡ. ಎರಡು ಭಾಗದ ಅಚ್ಚಾದರೆ ಮೊದಲ ಭಾಗಕ್ಕೆ ವ್ಯಾಸಲೀನ್ ಮರೆಯಬಾರದು. ಸಿಲಿಕೋನ್ ಸಿಲಿಕೋನ್‌ಗೆ ಅಂಟಿತೆಂದರೆ ಬಿಡಿಸಲಾಗದು.

ದುಬಾರಿ ವಸ್ತು, ಅಳೆದೇ ಕಲಸಿ. ಮಾದರಿಯಿಟ್ಟ ಪೆಟ್ಟಿಗೆಗೆ ರಾಗಿ ತುಂಬಿಸಿ, ಅದನ್ನು ಅಳತೆಯ ಲೋಟಕ್ಕೆ ಸುರಿದರೆ ಬೇಕಾದ ಗಾತ್ರ ತಿಳಿಯುತ್ತದೆ. ಪ್ರತಿ ಮಿಲಿಲೀಟರ್‌ಗೆ 1.2 ಗ್ರಾಂ ಹಿಡಿಯಿರಿ. ಸುರಿಯುವ ಮೊದಲು ಪೆಟ್ಟಿಗೆಯಲ್ಲಿ ಒಂದು ಕಾಳೂ ಉಳಿಯದಂತೆ ನೋಡಿಕೊಳ್ಳಿ.

ರೆಸಿನ್‌ನ ಗಟ್ಟಿ ಲ್ಯೂರಿಗೂ ಸಿಲಿಕೋನೇ ಬೇಕು. ಮೆದು ಲ್ಯೂರನ್ನು ಬಗ್ಗಿಸಿ ಪ್ಲಾಸ್ಟರ್ ಅಚ್ಚಿನಿಂದ ಎಳೆಯಬಹುದು, ಗಟ್ಟಿಯದ್ದು ಕಣ್ಣುಕುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನೂರಾರು ಎರೆಯುವವರಿಗೆ ಅಲ್ಯೂಮಿನಿಯಂ ಅಚ್ಚು. ಹವ್ಯಾಸಕ್ಕೆ ಅಷ್ಟು ಖರ್ಚು ಬೇಡ.

ಜಿಗ್ ತಲೆ, ಅಂದರೆ ಕೊಕ್ಕೆಗೆ ಕೂಡಿಸಿದ ಭಾರದ ತಲೆ, ಎರೆಯಲು ಬಳಸುವ ಸೀಸದ ವಿಷಯ ಬೇರೆಯೇ. ಅದು ಕರಗುವುದು 327 ಡಿಗ್ರಿಯಲ್ಲಿ, ಸಾಮಾನ್ಯ ಸಿಲಿಕೋನ್ ತಾಳುವುದು ಸುಮಾರು 200 ಡಿಗ್ರಿವರೆಗೆ. ತೇವವಿರುವ ಪ್ಲಾಸ್ಟರ್‌ಗೆ ಸುರಿದರೆ ಆವಿ ಸಿಡಿದು ಕರಗಿದ ಸೀಸ ಮುಖಕ್ಕೆ ಹಾರುತ್ತದೆ, ಕಣ್ಣೇ ಹೋಗಬಹುದು. ಜಿಗ್ ತಲೆಯನ್ನು ಅಂಗಡಿಯಿಂದಲೇ ತನ್ನಿ. ಪ್ಲಾಸ್ಟಿಸಾಲ್ ಕೂಡ ಅತಿಯಾಗಿ ಕಾದು ಹಳದಿಗೆ ತಿರುಗಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಜಗಲಿಯಲ್ಲಿ, ಗಾಳಿಯಾಡುವ ಕಡೆ ಕಾಯಿಸಿ, ಅಡುಗೆಗೆ ಮತ್ತೆ ಬಳಸದ ಪಾತ್ರೆಯಲ್ಲಿ.