ಲಬ್ನೆ: ಉಪ್ಪು ಹಾಕಿ ಬಸಿದ ಮೊಸರು

ಮೊಸರಿಗೆ ಉಪ್ಪು ಬೆರೆಸಿ, ತೆಳುವಾದ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ನೀರು ಇಳಿದು ಉಳಿಯುವ ಮೆತ್ತಗಿನ ಚೀಸ್‌ಗೆ ಲಬ್ನೆ ಎನ್ನುತ್ತಾರೆ. ಲೆಬನಾನ್, ಸಿರಿಯಾ, ಪ್ಯಾಲೆಸ್ತೀನ್, ಜೋರ್ಡಾನ್‌ಗಳಲ್ಲಿ ಇದು ಬೆಳಗಿನ ತಿಂಡಿಯ ಭಾಗ. ತಟ್ಟೆಯಲ್ಲಿ ಹರಡಿ, ಆಲಿವ್ ಎಣ್ಣೆ ಸುರಿದು, ಝಾತರ್ ಎಂಬ ಮಸಾಲೆ ಪುಡಿ ಉದುರಿಸಿ ರೊಟ್ಟಿಯೊಂದಿಗೆ ತಿನ್ನುತ್ತಾರೆ. ಶ್ರೀಖಂಡಕ್ಕೆ ಚಕ್ಕಾ, ಅಂದರೆ ಬಟ್ಟೆಯಲ್ಲಿ ಬಸಿದ ಗಟ್ಟಿ ಮೊಸರು, ಕಟ್ಟಿ ಗೊತ್ತಿರುವ ಬಳ್ಳಾರಿ, ಕೊಪ್ಪಳದ ಅಡುಗೆಮನೆಗಳಿಗೆ ಇದರಲ್ಲಿ ಹೊಸದು ಉಪ್ಪು ಮಾತ್ರ. ಪನೀರ್ ಬೇರೆ, ಅದು ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆದದ್ದು.

ಮೊಸರಿನ ಅರ್ಧಕ್ಕಿಂತ ಹೆಚ್ಚು ತೂಕ ನೀರಾಗಿ ಇಳಿದುಹೋಗುವುದರಿಂದ ಲಬ್ನೆಯಲ್ಲಿ ಪ್ರೋಟೀನ್ ಒತ್ತಾಗುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬಹುಪಾಲು ನೀರಿನ ಜೊತೆ ಹೋಗುತ್ತದೆ. ಹಾಲು ಒಗ್ಗದ ಕೆಲವರಿಗೆ ಇದು ಒಗ್ಗುವುದು ಹಾಗಾಗಿ. ಇಷ್ಟು ಹೊಗಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ಕೊಬ್ಬು ಎಲ್ಲಿಗೂ ಹೋಗುವುದಿಲ್ಲ, ಅದೂ ಒತ್ತಾಗುತ್ತದೆ. ಎಮ್ಮೆಯ ಗಟ್ಟಿ ಮೊಸರಿನ ಲಬ್ನೆಯನ್ನು ‘ಡಯಟ್’ ಎಂದು ಬಟ್ಟಲುಗಟ್ಟಲೆ ತಿನ್ನುವುದು ನಮ್ಮನ್ನು ನಾವೇ ಏಮಾರಿಸಿಕೊಂಡಂತೆ. ಹುಳಿಯಲ್ಲಿ ಕರಗಿದ ಕ್ಯಾಲ್ಸಿಯಂನ ದೊಡ್ಡ ಪಾಲು ನೀರಿಗೆ ಸೇರುತ್ತದೆ, ಬಿ ಗುಂಪಿನ ಕೆಲವು ವಿಟಮಿನ್‌ಗಳೂ ಅಷ್ಟೇ. ಆದ್ದರಿಂದ ಆ ಹಸಿರು ಛಾಯೆಯ ನೀರನ್ನು ಬಚ್ಚಲಿಗೆ ಚೆಲ್ಲಬಾರದು. ಚಪಾತಿ ಹಿಟ್ಟು ಕಲಸಲು, ಸಾರಿಗೆ ಹುಳಿ ಕೊಡಲು ಅದು ಸೊಗಸು. ರಕ್ತದೊತ್ತಡ ಇರುವವರು ಉಪ್ಪಿನ ಮೇಲೆ ಕಣ್ಣಿಡಬೇಕು.

ರಾಯಚೂರಿನ ಬೇಸಿಗೆಯಲ್ಲಿ ಮೊಸರಿನ ಗಂಟನ್ನು ರಾತ್ರಿಯಿಡೀ ಗೂಟಕ್ಕೆ ತೂಗುಹಾಕಿದರೆ ಬೆಳಗಿನ ಹೊತ್ತಿಗೆ ಬಾಯಿಗಿಡಲಾಗದಷ್ಟು ಹುಳಿ. ಜರಡಿಯ ಮೇಲೆ ಬಟ್ಟೆ ಹಾಸಿ, ಕೆಳಗೆ ಪಾತ್ರೆಯಿಟ್ಟು, ಫ್ರಿಜ್ಜಿನಲ್ಲಿಡುವುದೇ ಸರಿ. ಹನ್ನೆರಡು ತಾಸಿಗೆ ಸವರುವ ಹದ ಬರುತ್ತದೆ. ಇಡೀ ದಿನ ಬಿಟ್ಟರೆ ಉಂಡೆ ಕಟ್ಟಬಹುದು. ಮೊಸರು ಹಿಂದಿನ ರಾತ್ರಿ ಹೆಪ್ಪು ಹಾಕಿದ್ದಾಗಿರಲಿ. ಹುಳಿಯಾದದ್ದನ್ನು ಬಸಿದರೆ ಹುಳಿಯೇ ಮುಂದಾಗುತ್ತದೆ.

ಝಾತರ್ ಹುಡುಕಿಕೊಂಡು ಅಲೆಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಖಡಕ್ ಜೋಳದ ರೊಟ್ಟಿಯ ಮೇಲೆ ದಪ್ಪಗೆ ಸವರಿ, ಗುರೆಳ್ಳು ಪುಡಿ ಉದುರಿಸಿ, ಒಂದು ಚಮಚ ಕುಸುಬೆ ಎಣ್ಣೆ ಬಿಟ್ಟು, ಪಕ್ಕಕ್ಕೆ ಸೌತೆಕಾಯಿ, ಹಸಿ ಈರುಳ್ಳಿ ಇಟ್ಟುಕೊಂಡರೆ ಊಟವೇ ಆಯಿತು. ಪುಡಿಯ ಎಣ್ಣೆ ಬಿಳಿಯ ಮೇಲೆ ಕಪ್ಪಗೆ ಜಿನುಗುವವರೆಗೆ ಕಾಯಬೇಕು. ಎಣ್ಣೆಗಾಯಿಯಂಥ ಖಾರದ ಪಲ್ಯಕ್ಕೂ ಹೊಂದುತ್ತದೆ, ಆದರೆ ಒಲೆಯಿಂದ ಇಳಿಸಿದ ಮೇಲೆ ಬೆರೆಸಬೇಕು. ಕುದಿಸಿದರೆ ಒಡೆದು ತರಿತರಿಯಾಗುತ್ತದೆ, ಮೊಸರಿನ ಜೀವಂತ ಬ್ಯಾಕ್ಟೀರಿಯಾಗಳೂ ಸಾಯುತ್ತವೆ.